ಹೈದರಾಬಾದಿನ ಹೊತ್ತು, ಕುರ್ಡಿಯ ಮಾಳಿಗೆ

ಮನೆಗೆ ಸುಣ್ಣ ಬಣ್ಣ ಮಾಡಿಸುವುದೆಂದರೆ ಗೋಡೆಗಳಿಗಿಂತ ಮನುಷ್ಯರಿಗೇ ಹೆಚ್ಚು ಕಷ್ಟ. ಟ್ರಂಕುಗಳನ್ನು ಎಳೆಯಬೇಕು, ಎಳೆದ ಮೇಲೆ ತೆರೆಯದೆ ಇರಲಾಗುವುದಿಲ್ಲ, ತೆರೆದ ಮೇಲೆ ಮುಚ್ಚಲು ಮನಸ್ಸು ಬರುವುದಿಲ್ಲ. ರಾಯಚೂರಿನ ನಮ್ಮ ಮನೆಯಲ್ಲಿ ಮೊನ್ನೆ ಇದೇ ಆಯಿತು. ಬಣ್ಣದವರು ಹೊರಗೆ ಎರಡನೆಯ ಸಲದ ಚಹಾ ಕುಡಿಯುತ್ತ ಕಾಯುತ್ತಿದ್ದಾರೆ, ಒಳಗೆ ನಾನು ಹಳೆಯ ಟ್ರಂಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದೇನೆ. ಸೊಸೆ ಬಂದು, ಟ್ರಂಕಿನೊಳಗಿನ ಒಂದು ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಯಾವ ಕೂಸಿನ ಅಂಗಿ?" ಎಂದು ಕೇಳಿದಳು.

ಹಾಗೆ ಕೇಳಿದ್ದರಲ್ಲಿ ಅವಳ ತಪ್ಪೇನಿಲ್ಲ. ಹಸಿರು ಮಖಮಲ್ಲು, ಅಂಚಿಗೆ ಮಾಸಿದ ಜರಿ, ಹಿಂದೆ ಕಟ್ಟಲು ನಾಲ್ಕು ಲಾಡಿ. ತೋಳು ಮಾತ್ರ ಇಲ್ಲ, ತಲೆ ತೂರಿಸಲು ಜಾಗವೂ ಇಲ್ಲ. ಹೊಟ್ಟೆ ಬರಬೇಕಾದ ಕಡೆ ಒಂದು ಚೌಕದ ಕಿಟಕಿ, ಆ ಕಿಟಕಿಗೊಂದು ಅಂಗೈಯಗಲದ ಪರದೆ.

"ಕೂಸಿನದಲ್ಲ, ರೇಡಿಯೋದ್ದು" ಎಂದೆ.

ನಮ್ಮ ಮನೆಯ ಮಾತು ದಖನಿ, ಈ ಕಡೆಯ ಉರ್ದು. ಮನೆಯವರು ಆಡಿದ್ದನ್ನೆಲ್ಲ ನಿಮಗಾಗಿ ಇಲ್ಲಿ ಕನ್ನಡ ಮಾಡಿಕೊಂಡು ಹೇಳುತ್ತಿದ್ದೇನೆ. ಆದರೆ ಆ ಅಂಗಿಯನ್ನು ಹೊಲಿದ ನನ್ನ ದಾದಿಮಾ, ಎಂದರೆ ಅಬ್ಬಾನ ತಾಯಿ ಹುಸೇನಬಿ, ಮನೆಯೊಳಗೆ ಎಷ್ಟು ದಖನಿ ಮಾತಾಡುತ್ತಿದ್ದಳೋ ಮನೆಯ ಹೊರಗೆ ಅಷ್ಟೇ ಕನ್ನಡ ಮಾತಾಡುತ್ತಿದ್ದಳು. ಅದೂ ಮಾನ್ವಿ ತಾಲೂಕಿನ ಕುರ್ಡಿಯ ಎರೆಮಣ್ಣು ಮೆತ್ತಿದ ಕನ್ನಡ. ಅದನ್ನು ಮಾತ್ರ ಇದ್ದಂತೆಯೇ ಕೊಡುತ್ತೇನೆ.

ಅಬ್ಬಾ ಬಟ್ಟೆಯ ಗಂಟು ಹೊತ್ತು ದೇವದುರ್ಗದ ಸಂತೆಗೂ ಮಾನ್ವಿಯ ಸಂತೆಗೂ ತಿರುಗುವ ವ್ಯಾಪಾರಿ. ಒಂದು ಸಲ ರಾಯಚೂರಿಗೆ ಸರಕು ತರಲು ಹೋದವರು ಸರಕಿನ ಬದಲು ರೇಡಿಯೋ ತಂದರು. ಅದನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು, ಪಕ್ಕದವರು ಮೈ ತಾಗಿಸಿದಾಗಲೆಲ್ಲ "ಸ್ವಲ್ಪ ಸರೀರಿ, ಒಳಗ ಕಾಜದ" ಎನ್ನುತ್ತ ಊರು ಮುಟ್ಟಿದರಂತೆ. ಕಾಜು ಎಂದರೆ ಗಾಜು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿಯ ಮೇಲೆ ನಡೆಯುವ ರೇಡಿಯೋ ಅದು. ಬಂದೂಕಿಗೂ ರೇಡಿಯೋಕ್ಕೂ ಸರಕಾರದ ಲೈಸೆನ್ಸು ಬೇಕಿದ್ದ ಕಾಲ. ಹಾಗಾಗಿ ಓಣಿಯ ಜನ ಎರಡನ್ನೂ ಒಂದೇ ಬಗೆಯ ಭಯಭಕ್ತಿಯಿಂದ ನೋಡುತ್ತಿದ್ದರು.

ಅದರ ಸೇವೆಯೂ ಕಡಿಮೆಯದಾಗಿರಲಿಲ್ಲ. ಮಾಳಿಗೆಯ ಮೇಲೆ ಎರಡು ಬಿದಿರಿನ ಗಳ ನೆಟ್ಟು ನಡುವೆ ತಾಮ್ರದ ತಂತಿಯ ಪಟ್ಟಿ ಬಿಗಿದು ಅದನ್ನು ಏರಿಯಲ್ ಎಂದರು. ಇನ್ನೊಂದು ತಂತಿಯನ್ನು ಗೋಡೆಯಿಂದ ಇಳಿಸಿ ಅಂಗಳದ ನೆಲದಲ್ಲಿ ಹುಗಿದರು. ಆ ಜಾಗದ ಮಣ್ಣು ಒಣಗಿದರೆ ದನಿ ಒಡೆಯುತ್ತದೆಂದು ದಿನವೂ ಒಂದು ತಂಬಿಗೆ ನೀರು ಹಾಕಬೇಕಿತ್ತು. ರೇಡಿಯೋಕ್ಕೆ ಬಾಯಾರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಬೇಸಿಗೆಯಲ್ಲಿ ಯಾರಿಗೂ ಕಾಣದಂತೆ ಒಂದಿಷ್ಟು ಬೆಲ್ಲದ ಪಾನಕವನ್ನೂ ಹಾಕಿದ್ದೆ. ಅಂದು ರೇಡಿಯೋ ಬೇರೆ ದಿನಗಳಿಗಿಂತ ಸಿಹಿಯಾಗಿ ಹಾಡಲಿಲ್ಲ, ಇರುವೆಗಳು ಮಾತ್ರ ತುಂಬಾ ಬಂದವು.

ದಾದಿಮಾ ಮೊದಲ ವಾರ ರೇಡಿಯೋದ ಕಡೆ ತಿರುಗಿ ನೋಡಲಿಲ್ಲ. ಎರಡನೆಯ ವಾರ, ಕಾಣದ ಗಂಡಸು ಮನೆಯೊಳಗೆ ಕೂತು ಮಾತಾಡುವುದು ಸರಿಯಲ್ಲವೆಂದು, ಮದುವೆಯ ಕಾಲದ ತನ್ನ ಕುಪ್ಪಸದ ಮಖಮಲ್ಲು ಬಿಚ್ಚಿ ಅದಕ್ಕೊಂದು ಅಂಗಿ ಹೊಲಿದಳು. ನಮಾಜಿನ ಹೊತ್ತಿಗೆ ಇಳಿಸಲು ಆ ಪರದೆ. ಸಿನಿಮಾ ಹಾಡು ಬಂದರೂ ಪರದೆ ಇಳಿಯುತ್ತಿತ್ತು, ಹಾಡು ಮಾತ್ರ ಒಳಗಿನಿಂದ ನಡೆದೇ ಇರುತ್ತಿತ್ತು. ಕಣ್ಣಿಗೆ ಮರೆ ಇದ್ದರೆ ಸಾಕು, ಕಿವಿಯ ಲೆಕ್ಕ ಬೇರೆ ಎಂಬುದು ಅವಳ ಕಾನೂನು.

ಬೆಳಗಿನ ರೇಡಿಯೋ ಧಾರವಾಡದ್ದು. ಶುರುವಿಗೆ ಮಾತಿಲ್ಲದ ಒಂದು ರಾಗ ಬರುತ್ತಿತ್ತು, ಅದಕ್ಕೂ ಮೊದಲು ಗುಂಡಿ ತಿರುವಿದರೆ ಬರೀ ಸೊಂಯ್ ಎಂಬ ಸದ್ದು. ನಾವು ಆ ಸದ್ದನ್ನೂ ಕೂತು ಕೇಳುತ್ತಿದ್ದೆವು. "ಧಾರವಾಡ ಇನ್ನೂ ಹಾಸಿಗೆಯಲ್ಲಿ ಮಗ್ಗುಲಾಗುತ್ತಿದೆ" ಎಂದು ಅಬ್ಬಾ ಹೇಳುತ್ತಿದ್ದರು. ರಾಗ ಮುಗಿದು ವಚನ ಹಾಡುವ ಹೊತ್ತಿಗೆ ಸರಿಯಾಗಿ ಪಕ್ಕದ ಮನೆಯ ಈರಮ್ಮ ಹಾಲಿನ ಚೆಂಬು ಹಿಡಿದು ಬಂದು ನಮ್ಮ ಕಟ್ಟೆಯ ಮೇಲೆ ಕೂಡುತ್ತಿದ್ದಳು.

ಈರಮ್ಮ ದಾದಿಮಾನ ಓರಗೆಯವಳು. ಎರಡು ಎಮ್ಮೆ, ಒಂದಿಷ್ಟು ಮೆಣಸಿನಕಾಯಿ ಹೊಲ, ನಗಲು ತಡವಿಲ್ಲದ ಬಾಯಿ. ಅವಳ ಮಾಳಿಗೆಗೂ ನಮ್ಮ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಗೋಡೆಯಷ್ಟೇ. ವಚನ ಮುಗಿಯುವವರೆಗೆ ತಲೆಯ ಮೇಲೆ ಸೆರಗು ಹೊದ್ದು ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಬಾಗಿಲೊಳಗೆ ದಾದಿಮಾ ಜಪಮಣಿ ಎಣಿಸುತ್ತ ಕೂತಿರುತ್ತಿದ್ದಳು.

"ಅದೇನು ಹೇಳಿದ್ರು ಈರಮ್ಮ, ಅರ್ಥ ಹೇಳು" ಎಂದು ದಾದಿಮಾ ಒಮ್ಮೆ ಕೇಳಿದಳು.

"ಅರ್ಥ ನನಗೇನು ಗೊತ್ತವ್ವಾ. ಕೇಳಿದ್ರ ಹೊಟ್ಟಿ ತಣ್ಣಗಾಗ್ತದ."

"ನಮ್ಮ ಅರಬ್ಬಿನೂ ಹಂಗೇ ನೋಡು" ಎಂದಳು ದಾದಿಮಾ. ಇಬ್ಬರಿಗೂ ಅದರಿಂದ ಬಹಳ ಸಮಾಧಾನವಾದಂತೆ ಕಂಡಿತು.

ಆಮೇಲೆ ವಾರ್ತೆ. ಮುಖಕ್ಕೆ ಸಾಬೂನು ಬಳಿದುಕೊಂಡು ಅಬ್ಬಾ ಕಲ್ಲಿನಂತೆ ನಿಲ್ಲುತ್ತಿದ್ದರು, ದೇಶದ ವಿಚಾರ ಮುಗಿಯುವವರೆಗೆ ಕತ್ತಿ ಗಲ್ಲಕ್ಕೆ ತಾಗುತ್ತಿರಲಿಲ್ಲ. ವಾರ್ತೆ ಆದ ಮೇಲೆ ಒಂದೆರಡು ಹಾಡು, ಅಷ್ಟಾದರೆ ರೇಡಿಯೋದವರೇ ನಮಸ್ಕಾರ ಹೇಳಿ ಮಲಗಿಬಿಡುತ್ತಿದ್ದರು. ಈಗಿನ ಹಾಗೆ ಹಗಲೂ ರಾತ್ರಿ ಬಡಬಡಿಸುವ ಚಾಳಿ ಆಗ ಅದಕ್ಕೆ ಇರಲಿಲ್ಲ. ಮಧ್ಯಾಹ್ನ ಎದ್ದು ಹೆಂಗಸರೊಂದಿಗೆ ಒಂದಿಷ್ಟು ಮಾತಾಡಿ ಮತ್ತೆ ಸುಮ್ಮನಾಗುತ್ತಿತ್ತು. ಒಮ್ಮೆ ಆ ಹೊತ್ತಿನಲ್ಲಿ ಒಬ್ಬ ಅಕ್ಕನವರು ಅನಾನಸ್ ಹಣ್ಣಿನ ಶಿರಾ ಮಾಡುವುದನ್ನು ಹೇಳಿಕೊಟ್ಟರು. ಅಮ್ಮಾ ಜೋಳದ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡು, ಆಮೇಲೆ ನನ್ನನ್ನು, "ಅನಾನಸ್ ಅಂದರೆ ಬಳ್ಳಿಯಲ್ಲಿ ಬಿಡುತ್ತದೋ ಗಿಡದಲ್ಲಿ ಬಿಡುತ್ತದೋ?" ಎಂದು ಕೇಳಿದಳು. ನಾನು ಬಹಳ ಓದಿದವಳಂತೆ "ಮರದಲ್ಲಿ" ಎಂದೆ. ಮಕ್ಕಳ ಕಾರ್ಯಕ್ರಮದ ದಿನ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಗಲ್ಲಕ್ಕೆ ಪೌಡರ್ ಬಳಿದುಕೊಂಡು ರೇಡಿಯೋದ ಮುಂದೆ ಕೂಡುತ್ತಿದ್ದವಳಿಂದ ಇನ್ನೇನು ನಿರೀಕ್ಷಿಸುತ್ತೀರಿ. ನಮಸ್ಕಾರ ಮಕ್ಕಳೇ ಎಂದು ಅವರು ಕರೆದಾಗ ನಾನು ಅವರಿಗೆ ಕಾಣುತ್ತಿದ್ದೇನೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಸಂಜೆ ರೈತರ ಕಾರ್ಯಕ್ರಮಕ್ಕೆ ನಮ್ಮ ಕಟ್ಟೆ ತುಂಬುತ್ತಿತ್ತು. ರೇಡಿಯೋದವರು ಹತ್ತಿಗೆ ಔಷಧಿ ಹೊಡೆಯಿರಿ ಎಂದರೆ ಕಟ್ಟೆಯ ಮೇಲಿನವರು "ಮೊದಲು ಮಳಿ ಕಳಸ್ರಿ, ಆಮ್ಯಾಲ ಹೊಡೀತೀವಿ" ಎಂದು ಅದಕ್ಕೇ ಉತ್ತರ ಕೊಡುತ್ತಿದ್ದರು. ಅವರು ಎದ್ದುಹೋದ ಮೇಲೆ ದಾದಿಮಾನ ಸರದಿ. ಅಬ್ಬಾ ಕೆಂಪು ಮುಳ್ಳನ್ನು ಮೆಲ್ಲಗೆ ಸರಿಸಿ ಧಾರವಾಡದಿಂದ ಹೈದರಾಬಾದಿಗೆ ತರುತ್ತಿದ್ದರು. ಒಂದು ಬೆರಳಿನ ಅಗಲದಲ್ಲಿ ಮಾತು ಬದಲಾಗಿ ಉರ್ದು ಬರುತ್ತಿತ್ತು. ಅಲ್ಲಿಯವರು ಆದಾಬ್ ಹೇಳಿದ ಕೂಡಲೇ ದಾದಿಮಾ ಸೆರಗು ಸರಿಮಾಡಿಕೊಂಡು, "ಜೀತೇ ರಹೋ ಬೇಟಾ" ಎಂದು ಹರಸುತ್ತಿದ್ದಳು.

ಹೈದರಾಬಾದು ಅವಳಿಗೆ ಬೇರೆ ಊರಾಗಿರಲೇ ಇಲ್ಲ. ಅವಳು ಹುಟ್ಟಿದ್ದು, ಮದುವೆಯಾದದ್ದು, ಮಕ್ಕಳನ್ನು ಹೆತ್ತದ್ದು ಎಲ್ಲ ನಿಜಾಮರ ಕಾಲದಲ್ಲಿ. ಜಮೀನಿನ ಕಾಗದ, ಶಾಲೆಯ ಪಾಠ, ಅಂಗಡಿಯ ಭಾಷೆ ಎಲ್ಲ ಅಲ್ಲಿಂದ ಬರುತ್ತಿದ್ದವು. ಆಮೇಲೆ ರಾಜ್ಯ ಬದಲಾಯಿತು, ನಕಾಶೆ ಬದಲಾಯಿತು, ನಾವು ಮೈಸೂರಿನವರಾದೆವು. ದಾದಿಮಾನಿಗೆ ಈ ಸಂಗತಿಯನ್ನು ಯಾರೂ ಕೂತು ತಿಳಿಸಿ ಹೇಳಿರಲಿಲ್ಲ, ಹೇಳಿದ್ದರೂ ಅವಳು ಒಪ್ಪುತ್ತಿದ್ದಳೆಂದು ನನಗನ್ನಿಸುವುದಿಲ್ಲ. ಒಮ್ಮೆಯೂ ನೋಡದ ಆ ಊರನ್ನು ಅವಳು "ನಮ್ಮ ಹೈದರಾಬಾದ್" ಎನ್ನುತ್ತಿದ್ದಳು. ರೇಡಿಯೋ ಬಂದ ಮೇಲಂತೂ ಆ ಊರೇ ಎದ್ದು ನಮ್ಮ ಗೋಡೆಯ ಗೂಡಿಗೆ ಬಂದು ಕೂತಂತಾಯಿತು.

ಹೀಗಿರುವಾಗ ರಮ್ಜಾನ್ ಬಂತು, ರೇಡಿಯೋ ಬಂದ ಮೇಲಿನ ಮೊದಲ ರಮ್ಜಾನ್. ಊರಿನ ಸಣ್ಣ ಮಸೀದಿ ಹಳ್ಳದ ಆಚೆ ಇತ್ತು. ಮೈಕಿಲ್ಲದ ಕಾಲ, ಗಾಳಿ ಆ ಕಡೆ ಬೀಸಿದರೆ ಕೂಗು ನಮ್ಮ ಓಣಿಗೆ ಕೇಳುತ್ತಿರಲಿಲ್ಲ. ಅದುವರೆಗೆ ದಾದಿಮಾ ಮಾಳಿಗೆ ಹತ್ತಿ ಸೂರ್ಯ ಮುಳುಗಿದ್ದನ್ನು ಕಣ್ಣಾರೆ ನೋಡಿ ಇಳಿದು ಬಂದು ಹಗಲಿನ ಉಪವಾಸದ ರೋಜಾ ಬಿಡುತ್ತಿದ್ದಳು. ಓಣಿಯಲ್ಲಿದ್ದ ನಮ್ಮವರ ನಾಲ್ಕಾರು ಮನೆಗಳೂ ಅವಳ ಮಾತನ್ನೇ ಕಾಯುತ್ತಿದ್ದವು. ಆ ವರ್ಷ ಹೈದರಾಬಾದಿನವರು ಸಂಜೆ ಇಫ್ತಾರಿಗೆ ರೋಜಾ ಬಿಡುವ ಹೊತ್ತನ್ನೂ ಮರುದಿನ ಬೆಳಗಿನ ಜಾವ ಊಟ ನಿಲ್ಲಿಸುವ ಹೊತ್ತನ್ನೂ ಹೇಳತೊಡಗಿದರು. ಅವರು ಸರಿಯಾಗಿಯೇ ಹೇಳುತ್ತಿದ್ದರು, ಇದು ಹೈದರಾಬಾದ್ ಮತ್ತು ಅದರ ಸುತ್ತಮುತ್ತಲಿನವರಿಗೆ ಎಂದು. ಸುತ್ತಮುತ್ತ ಎಂದರೆ ನಾವಲ್ಲದೆ ಇನ್ಯಾರು ಎಂದುಕೊಂಡಳು ದಾದಿಮಾ.

ರೈತರು ದೊಡ್ಡ ಮನಸ್ಸು ಮಾಡಿ ತಮ್ಮ ಕಾರ್ಯಕ್ರಮವನ್ನು ಆ ತಿಂಗಳು ಬಿಟ್ಟುಕೊಟ್ಟರು. ಸಂಜೆಯಾದರೆ ನಮ್ಮ ಅಂಗಳದಲ್ಲಿ ಓಣಿಯ ಹೆಂಗಸರು, ಮಕ್ಕಳು. ಎತ್ತರದ ಗೋಡೆಗಳ ನಡುವಿನ ಆ ಅಂಗಳಕ್ಕೆ ನೆರಳು ಬೇಗ ಬರುತ್ತಿತ್ತು. ದಾದಿಮಾ ರೇಡಿಯೋದ ಪರದೆ ಎತ್ತಿ ಅದರ ಪಕ್ಕದಲ್ಲಿ ಖರ್ಜೂರದ ತಟ್ಟೆ ಹಿಡಿದು ಕೂಡುತ್ತಿದ್ದಳು. ರೇಡಿಯೋ ಹೇಳುವುದು, ಅವಳು ತಲೆಯಾಡಿಸುವುದು, ಎಲ್ಲರೂ ಒಟ್ಟಿಗೆ ಖರ್ಜೂರ ಬಾಯಿಗಿಡುವುದು. ಇಷ್ಟು ದಿನ ಬರೀ ಹುಸೇನಬಿಯಾಗಿದ್ದವಳು ಈಗ ಹೈದರಾಬಾದಿನ ಪರವಾಗಿ ಮಾತಾಡುವವಳಾಗಿದ್ದಳು. ಆ ಗತ್ತು ಅವಳಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು.

ತಿಂಗಳು ಅರ್ಧ ಕಳೆದಿರಬೇಕು. ಒಂದು ಸಂಜೆ ಈರಮ್ಮ ತನ್ನ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಬಳಿದು ಗುಡ್ಡೆ ಮಾಡುತ್ತಿದ್ದಳು. ಕೆಳಗೆ ರೇಡಿಯೋ ಹೊತ್ತು ಹೇಳಿತು, ದಾದಿಮಾ ಖರ್ಜೂರ ಎತ್ತಿದಳು. ಮೇಲಿನಿಂದ ಈರಮ್ಮ ಬಗ್ಗಿ ನೋಡಿ ಕೇಳಿದಳು.

"ಹುಸೇನವ್ವಾ, ನೀವು ಹೊತ್ತು ಮುಣುಗಿದ ಮ್ಯಾಲ ಉಣ್ಣಾದು ಅಲ್ಲೇನು? ಇಲ್ಲಿ ಇನ್ನಾ ಸೂರಪ್ಪ ಕಾಣ್ತಾನಲ್ಲ."

ಕೆಲವರ ಬಾಯಲ್ಲಿ ಖರ್ಜೂರ ಹಾಗೇ ನಿಂತಿತು.

ದಾದಿಮಾ ತನ್ನದನ್ನು ನುಂಗಿ, ನೀರು ಕುಡಿದು, ಆಮೇಲೆ ತಲೆ ಎತ್ತಿದಳು. "ರೇಡಿಯೋದವರು ಓದಿದ ಮಂದಿ ಅದಾರ. ಹೈದರಾಬಾದಿನ್ಯಾಗ ಗಡಿಯಾರ ನೋಡಿ ಹೇಳ್ತಾರ. ನೀ ಮೆಣಸಿನಕಾಯಿ ಬಳಿಯಾಕಿ, ನಮ್ಮ ರೋಜಾ ನಮಗ ಕಲಸಾಕ ಬಂದೇನು?"

"ನಾ ಏನೂ ಕಲಸಲಿಲ್ಲವ್ವಾ. ಕಂಡದ್ದು ಕಂಡಂಗ ಅಂದೆ."

"ಅನಬ್ಯಾಡ."

ಈರಮ್ಮ ಮೆಣಸಿನಕಾಯಿಯ ಬುಟ್ಟಿ ಎತ್ತಿಕೊಂಡು ಇಳಿದುಹೋದಳು.

ಮರುದಿನ ಬೆಳಿಗ್ಗೆ ಹಾಲಿನ ಚೆಂಬು ನಮ್ಮ ಕಟ್ಟೆಯ ಮೇಲಿತ್ತು, ಈರಮ್ಮ ಇರಲಿಲ್ಲ. ವಚನ ಶುರುವಾಯಿತು, ಕೇಳುವವರಿಲ್ಲ. ದಾದಿಮಾ ಬಾಗಿಲೊಳಗೆ ಕೂತು ಎರಡು ಸಲ ಕಟ್ಟೆಯ ಕಡೆ ನೋಡಿದಳು. ಆಮೇಲೆ ನನ್ನನ್ನು ಕರೆದು, "ದನಿ ಇನ್ನಷ್ಟು ದೊಡ್ಡದು ಮಾಡು" ಎಂದಳು. ಬ್ಯಾಟರಿ ಬೇಗ ತೀರುತ್ತದೆಂದು ಅಬ್ಬಾ ಗೊಣಗಿದರು. "ತೀರಲಿ" ಎಂದಳು. ಅಂದಿನಿಂದ ಪ್ರತಿ ಬೆಳಿಗ್ಗೆ ವಚನಗಳು ಗೋಡೆ ದಾಟುವಷ್ಟು ಜೋರಾಗಿ ಕೇಳುತ್ತಿದ್ದವು. ಮಾತಾಡಿಸಲು ಹೋಗುವುದಿಲ್ಲ, ಆದರೆ ಅವಳ ವಚನ ಅವಳಿಗೆ ತಪ್ಪಬಾರದು. ಜಗಳವಾಡುವುದಕ್ಕೂ ಒಂದು ಅಳತೆ ಇರಬೇಕು ಎಂದು ಈಗ ಅನ್ನಿಸುತ್ತದೆ, ಆಗ ನನಗೆ ಅದು ಬರೀ ಕಿವಿನೋವು.

ಆ ವರ್ಷದ ರಮ್ಜಾನ್ ನಮ್ಮ ಮನೆಯಲ್ಲಿ ಸಪ್ಪಗಾಯಿತು. ಹೊರಗಿನಿಂದ ನೋಡಿದರೆ ಎಲ್ಲ ಮೊದಲಿನಂತೆಯೇ ಇತ್ತು. ಆದರೆ ರೇಡಿಯೋ ಹೊತ್ತು ಹೇಳಿದ ಮೇಲೆ ದಾದಿಮಾ ತಲೆಯಾಡಿಸುವ ಮೊದಲು ಒಂದು ಗಳಿಗೆ ಮಾಳಿಗೆಯ ಕಡೆ ನೋಡುತ್ತಿದ್ದಳು. ಅಂಗಳದಿಂದ ಕಾಣುವುದು ಬರೀ ಗೋಡೆ, ಮೇಲೆ ಒಂದು ತುಂಡು ಆಕಾಶ. ಹತ್ತಿ ನೋಡಿದರೆ ಮುಗಿಯುತ್ತಿತ್ತು. ಹತ್ತಲಿಲ್ಲ. ಹತ್ತಿದರೆ ಈರಮ್ಮನ ಮಾತಿಗೆ ಬೆಲೆ ಕೊಟ್ಟಂತೆ, ಹತ್ತಿ ನೋಡಿ ಸೂರ್ಯ ಕಂಡರೆ ಅಷ್ಟೂ ದಿನದ ರೋಜಾಗಳ ಗತಿ ಏನು? ಅವಳದ್ದಷ್ಟೇ ಅಲ್ಲ, ಅವಳನ್ನು ನಂಬಿ ತಿಂದ ಇಡೀ ಓಣಿಯದು. ಅವಳ ಹೆದರಿಕೆ ಅದೇ ಆಗಿತ್ತು. ಅದನ್ನು ಅವಳು ಆಮೇಲೆ ಅಮ್ಮಾನ ಮುಂದೆ ಬಾಯಿಬಿಟ್ಟು ಹೇಳಿಕೊಂಡಳು.

ಅವಳನ್ನು ಮಾಳಿಗೆ ಹತ್ತಿಸಿದ್ದು ಮಂಗಗಳು. ತಿಂಗಳ ಕೊನೆಯ ದಿನಗಳಲ್ಲಿ ಒಂದು ಸಂಜೆ ಮಂಗಗಳ ಹಿಂಡು ಬಂದು ಏರಿಯಲ್ಲಿಗೆ ಜೋತುಬಿದ್ದು ಒಂದು ಗಳ ಕಿತ್ತಿತು. ರೇಡಿಯೋದಲ್ಲಿ ಹೈದರಾಬಾದು ಹೋಗಿ ಬರೀ ಎಣ್ಣೆಗೆ ಸಾಸಿವೆ ಹಾಕಿದ ಸದ್ದು. ಅಬ್ಬಾ ದೇವದುರ್ಗದ ಸಂತೆಯಿಂದ ಇನ್ನೂ ಬಂದಿರಲಿಲ್ಲ, ಅಮ್ಮಾನ ಕೈತುಂಬ ಕಡಲೆಹಿಟ್ಟು, ಅಂಗಳದಲ್ಲಿ ಓಣಿಯವರು ಕೂತಾಗಿದೆ. ದಾದಿಮಾ ಸೀರೆಯ ಅಂಚು ಸಿಕ್ಕಿಸಿಕೊಂಡು ನಿಚ್ಚಣಿಕೆ ಹತ್ತಿದಳು. ಕೆಳಗೆ ನಿಚ್ಚಣಿಕೆ ಹಿಡಿದುಕೊಳ್ಳಬೇಕಿದ್ದ ನಾನು ಅವಳ ಹಿಂದೆಯೇ ಹತ್ತಿದೆ. ನನಗೆ ಒಪ್ಪಿಸಿದ ಕೆಲಸಗಳನ್ನು ನಾನು ಮೊದಲಿನಿಂದಲೂ ಹೀಗೆಯೇ ಮಾಡಿಕೊಂಡು ಬಂದಿದ್ದೇನೆ.

ಬಿದ್ದ ಗಳವನ್ನು ಅವಳು ಎತ್ತಿ ನಿಲ್ಲಿಸಿದಳು. ಕೂಡಲೇ ಕೆಳಗೆ ರೇಡಿಯೋ ಸ್ವಚ್ಛವಾಗಿ ಮಾತಾಡಿತು. ಕೈ ಬಿಟ್ಟರೆ ಮತ್ತೆ ಹೋಗುತ್ತದೆ, ಆದ್ದರಿಂದ ಹಿಡಿದೇ ನಿಂತಳು. ಹಾಗೆ ನಿಂತಾಗ ಹೈದರಾಬಾದಿನವರು ಇಫ್ತಾರಿನ ಹೊತ್ತಾಯಿತು ಎಂದರು. ಅಂಗಳದವರು ತಿನ್ನತೊಡಗಿದ ಸದ್ದು ಮೇಲಕ್ಕೆ ಕೇಳಿತು. ದಾದಿಮಾ ತಲೆ ಎತ್ತಿದಳು. ಹೊಲಗಳ ಆಚೆ, ಅಡ್ಡ ಬರುವುದಕ್ಕೆ ಒಂದು ಮರವೂ ಇಲ್ಲದ ಬಯಲಿನ ಅಂಚಿನಲ್ಲಿ, ಸೂರ್ಯ ಇನ್ನೂ ಇದ್ದ. ಅವಳ ಮುಖದ ಮೇಲೆ ಬಿಸಿಲಿತ್ತು. ಅವಳು ಹಿಡಿದ ಗಳದ ಮೇಲೂ ಇತ್ತು.

ಪಕ್ಕದ ಮಾಳಿಗೆಯ ಮೇಲೆ ಈರಮ್ಮ ಇದ್ದಳು. ಮಂಗಗಳನ್ನು ಓಡಿಸಲು ಕೋಲು ಹಿಡಿದು ಬಂದವಳು ಹಾಗೇ ನಿಂತಿದ್ದಳು. ಆಗ ಅವಳು ಏನಾದರೂ ಅನ್ನಬಹುದಿತ್ತು. ನಾನಾಗಿದ್ದರೆ ಅಂದೇಬಿಡುತ್ತಿದ್ದೆ, ನೋಡು ನಾ ಹೇಳಿರಲಿಲ್ಲವೇ ಎಂದು. ಈರಮ್ಮ ಮಾತ್ರ ಕೋಲು ಕೆಳಗಿಟ್ಟು, ಮೊಣಕಾಲೆತ್ತರದ ಗೋಡೆ ದಾಟಿ ಬಂದು ಗಳದ ಇನ್ನೊಂದು ಪಕ್ಕ ಕೈ ಹಾಕಿದಳು. ಇಬ್ಬರೂ ಒಂದೇ ಗಳ ಹಿಡಿದು ಪಡುವಣಕ್ಕೆ ಮುಖ ಮಾಡಿ ನಿಂತರು.

ಬಿಸಿಲಿಗೋ ಇನ್ಯಾವುದಕ್ಕೋ ದಾದಿಮಾನ ಕಣ್ಣಲ್ಲಿ ನೀರು ತುಂಬಿತ್ತು. ಅವಳಿಗೆ ಸರಿಯಾಗಿ ಕಾಣುತ್ತಿರಲಿಲ್ಲವೆಂದು ತೋರುತ್ತದೆ.

"ಮುಣುಗ್ತೇನು ಈರಮ್ಮ?" ಎಂದು ಕೇಳಿದಳು.

ಈರಮ್ಮ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ನೋಡಿದಳು. "ಇನ್ನಾ ಇಷ್ಟು ಅದ... ತಡಿ. ಅಂಚು ಕಾಣಾಕತ್ತದ... ಹ್ಞಾಂ, ಮುಣುಗ್ತು. ಈಗ ಉಣ್ಣು ಯವ್ವಾ."

ಕೆಳಗೆ ಇಳಿದ ದಾದಿಮಾ ಖರ್ಜೂರ ತಿಂದು, ನೀರು ಕುಡಿದು, ಯಾರೂ ಎದ್ದುಹೋಗುವ ಮೊದಲು ಎಲ್ಲರನ್ನೂ ಕೂಡಿಸಿಕೊಂಡು ಹೇಳಿದಳು. ಸೂರ್ಯ ಮುಳುಗುವ ಮೊದಲೇ ನಿಮಗೆಲ್ಲ ತಿನ್ನಿಸಿಬಿಟ್ಟೆ, ಈ ತಿಂಗಳಿಡೀ. ರೇಡಿಯೋದ ಮಾತು ಕೇಳಿ ಮಾಳಿಗೆ ಹತ್ತುವುದನ್ನು ಬಿಟ್ಟೆ. ಈರಮ್ಮ ಹೇಳಿದರೆ ಅವಳ ಮೇಲೇ ಸಿಟ್ಟಾದೆ. ಒಬ್ಬಳು, "ಇರಲಿ ಬಿಡಿ, ಗೊತ್ತಿದ್ದು ಮಾಡಿದ್ದಲ್ಲವಲ್ಲ" ಎಂದಳು. "ನಕ್ಕೋ" ಎಂದಳು ದಾದಿಮಾ. ಬೇಡ ಎನ್ನಲು ನಮ್ಮ ದಖನಿಯಲ್ಲಿರುವ ಈ ಎರಡಕ್ಷರದ ಮುಂದೆ ಬೇರೆ ಮಾತು ನಡೆಯುವುದಿಲ್ಲ.

ಅಬ್ಬಾ ಮಾನ್ವಿಗೆ ಹೋಗಿ ಅಲ್ಲಿನ ಮೌಲ್ವಿಗಳನ್ನು ಕೇಳಿ ಬಂದರು. ಅವರು ನಕ್ಕರಂತೆ. ಸೂರ್ಯ ಮೂಡಣದಿಂದ ಪಡುವಣಕ್ಕೆ ಹೋಗುವವನು, ಮೊದಲು ಹೈದರಾಬಾದಿನವರ ಮನೆಯಲ್ಲಿ ಕತ್ತಲೆ ಮಾಡಿ ಆಮೇಲೆ ನಮ್ಮ ಕಡೆ ಬರುತ್ತಾನೆ, ನಡುವೆ ನಾಲ್ಕಾರು ನಿಮಿಷ ಹಿಡಿಯುತ್ತದೆ. ಬೆಳಗಿನ ಜಾವದ ಊಟವನ್ನೂ ಅದೇ ಲೆಕ್ಕದಲ್ಲಿ ನಿಲ್ಲಿಸಿದ್ದೀರಿ, ಅದರಲ್ಲಿ ನಿಮ್ಮ ಹೊಟ್ಟೆಗೇ ನಷ್ಟವಾಯಿತು, ರೋಜಾಕ್ಕೆ ಏನೂ ಇಲ್ಲ. ಆದರೆ ಸಂಜೆಯದು ಸರಿಯಾಗಲಿಲ್ಲ. ತಿಳಿಯದೆ ಆದದ್ದಕ್ಕೆ ಪಾಪವಿಲ್ಲ, ಮುಂದೆ ಯಾವಾಗಲಾದರೂ ಅಷ್ಟು ರೋಜಾ ಮತ್ತೆ ಹಿಡಿಯಲಿ ಎಂದರಂತೆ.

ಯಾವಾಗಲಾದರೂ ಎಂಬ ಮಾತು ದಾದಿಮಾನಿಗೆ ಹಿಡಿಸಲಿಲ್ಲ. ಹಬ್ಬ ಮುಗಿದ ಕೂಡಲೇ ಶುರುಮಾಡಿದಳು. ಬೇಸಿಗೆ ಏರುತ್ತಿತ್ತು. ರಾಯಚೂರು ಸೀಮೆಯ ಬಿಸಿಲು ನಿಮಗೆ ಗೊತ್ತಿದ್ದರೆ ಹೆಚ್ಚಿಗೆ ಹೇಳಬೇಕಿಲ್ಲ, ಗೊತ್ತಿಲ್ಲದಿದ್ದರೆ ಹೇಳಿದರೂ ನೀವು ನಂಬುವುದಿಲ್ಲ. ಎಲ್ಲರೂ ಮಜ್ಜಿಗೆ ಕುಡಿದು ನೆರಳಲ್ಲಿ ಬಿದ್ದಿರುವಾಗ ಅವಳೊಬ್ಬಳು ಒಣ ಬಾಯಿಯಲ್ಲಿ ಕೌದಿ ಹೊಲಿಯುತ್ತ ಕೂತಿರುತ್ತಿದ್ದಳು.

"ಈ ಬ್ಯಾಸಗ್ಯಾಗ ಯಾರು ಇಡು ಅಂದಾರ ನಿನಗ? ಚಳಿಗಾಲಕ್ಕ ಇಟ್ರ ದೇವರು ಬ್ಯಾಡ ಅಂತಾನೇನು?" ಎಂದು ಈರಮ್ಮ ಬೈಯುತ್ತಿದ್ದಳು. ಬೈದು ಮುಗಿಸಿ, ಸಂಜೆಗೆ ಎಲ್ಲ ಕೆಲಸ ಬಿಟ್ಟು ಮಾಳಿಗೆ ಹತ್ತುತ್ತಿದ್ದಳು. ಏಕೆಂದರೆ ದಾದಿಮಾ ಈಗ ಹೊತ್ತು ಮುಳುಗಿತೆಂದು ಒಪ್ಪುತ್ತಿದ್ದುದು ಈರಮ್ಮನ ಬಾಯಿಂದ ಬಂದರೆ ಮಾತ್ರ. ಮೇಲಿನಿಂದ "ಮುಣುಗ್ತು ಹುಸೇನವ್ವಾ, ಉಣ್ಣು" ಎಂದು ಅವಳು ಕೂಗಬೇಕು. ಕೆಳಗಿನಿಂದ ಇವಳು "ಹ್ಞೂಂ, ಉಣ್ಣಾಕತ್ತೀನಿ. ನೀ ಜ್ವಾಕಿಲೆ ಇಳಿ" ಎಂದು ಜೋಪಾನ ಹೇಳಬೇಕು. ಆಮೇಲೆಯೇ ಖರ್ಜೂರ.

ರೇಡಿಯೋದ ಮೇಲೆ ದಾದಿಮಾ ಸಿಟ್ಟು ಮಾಡಿಕೊಳ್ಳಲಿಲ್ಲ. ಹೈದರಾಬಾದಿನವರಿಗೆ ಎಂದಿನಂತೆ ಹರಕೆ ಸಲ್ಲುತ್ತಿತ್ತು. ಮುಂದಿನ ರಮ್ಜಾನುಗಳಲ್ಲಿ ಮಾತ್ರ ಇಫ್ತಾರಿನ ಹೊತ್ತಿಗೆ ಅವಳು ಅಂಗಿಯ ಪರದೆಯನ್ನು ಇಳಿಸಿಬಿಡುತ್ತಿದ್ದಳು. "ಅದು ಸುಳ್ಳು ಹೇಳಲ್ಲ. ಪಾಪ, ಅದಕ್ಕೆ ನಮ್ಮ ಸೂರ್ಯ ಕಾಣಲ್ಲ" ಎಂದು ನನಗೆ ಹೇಳಿದಳು. ರೈತರಿಗೆ ಅವರ ಕಾರ್ಯಕ್ರಮ ವಾಪಸು ಸಿಕ್ಕಿತು. ಬೆಳಿಗ್ಗೆ ಈರಮ್ಮ ಕಟ್ಟೆಗೆ ಬಂದಳು, ವಚನದ ದನಿ ಮೊದಲಿನಷ್ಟಕ್ಕೆ ಇಳಿಯಿತು.

ಇಷ್ಟನ್ನೂ ನಾನು ಸೊಸೆಗೆ ಹೇಳುತ್ತ ಕೂತಿದ್ದರಿಂದ ಬಣ್ಣದವರು ಮೂರನೆಯ ಚಹಾಕ್ಕೆ ಬಂದಿದ್ದರು. ಮಖಮಲ್ಲಿನ ಅಂಗಿಯನ್ನು ಎಸೆಯುವ ಯೋಚನೆಯಲ್ಲಿದ್ದ ಸೊಸೆ ಅದನ್ನು ಕೊಡವಿ, ಅಡುಗೆಮನೆಯ ಓವನ್ನಿಗೆ ತೊಡಿಸಿ ನೋಡಿದಳು. ಸ್ವಲ್ಪ ಬಿಗಿಯಾಯಿತು. ಪರದೆ ಸರಿಯಾಗಿ ಬಾಗಿಲಿನ ಮೇಲೆ ಬಂತು.

ನಮ್ಮ ಮನೆಯಲ್ಲಿ ಈಗ ರೋಜಾದ ಹೊತ್ತನ್ನು ಮೊಮ್ಮಗನ ಮೊಬೈಲು ಹೇಳುತ್ತದೆ. ಅದಕ್ಕೆ ರಾಯಚೂರಿನ ಸೂರ್ಯನೇ ಬೇರೆ, ಮಾನ್ವಿಯವನೇ ಬೇರೆ. ಇಷ್ಟು ಜಾಣತನ ಆಗ ಇದ್ದಿದ್ದರೆ ದಾದಿಮಾನ ಬೇಸಿಗೆ ಉಳಿಯುತ್ತಿತ್ತು. ಆದರೂ ಮೊಬೈಲು ಕೂಗಿದ ಮೇಲೆ ನಾನು ಒಂದು ಗಳಿಗೆ ಖರ್ಜೂರ ಕೈಯಲ್ಲಿ ಹಿಡಿದೇ ಕೂತಿರುತ್ತೇನೆ. "ಟೈಮಾಯಿತು ದಾದಿ, ಏನು ಕಾಯುತ್ತೀರಿ?" ಎಂದು ಮೊಮ್ಮಗ ಕೇಳುತ್ತಾನೆ. ಅವನಿಗೆ ಇದುವರೆಗೆ ಹೇಳಿಲ್ಲ.

ಕುರ್ಡಿಯ ಮಸೀದಿಗೆ ಮೈಕು ಬಂದ ಮೇಲೂ ಆ ಎರಡು ಮಾಳಿಗೆಗಳ ಪದ್ಧತಿ ನಿಲ್ಲಲಿಲ್ಲ. ಈರಮ್ಮನ ಕಣ್ಣ ಮೇಲೆ ಪೊರೆ ಬೆಳೆಯಿತು, ಎದುರಿಗೆ ನಿಂತವರ ಗುರುತು ಹತ್ತದಂತಾಯಿತು. ಆದರೂ ರಮ್ಜಾನ್ ಬಂದರೆ ಗೋಡೆ ಸವರಿಕೊಂಡು ಮಾಳಿಗೆ ಹತ್ತುತ್ತಿದ್ದಳು. ಹಳ್ಳದ ಆಚೆ ಮೈಕು ಕೂಗುವುದನ್ನು ಕೇಳಿಸಿಕೊಂಡು, ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಪಡುವಣಕ್ಕೆ ನೋಡಿ, ಆಮೇಲೆ "ಮುಣುಗ್ತು ಹುಸೇನವ್ವಾ, ಉಣ್ಣು" ಎನ್ನುತ್ತಿದ್ದಳು. ಅವಳಿಗೆ ಏನೂ ಕಾಣುವುದಿಲ್ಲವೆಂದು ದಾದಿಮಾನಿಗೆ ಗೊತ್ತಿತ್ತು. ದಾದಿಮಾನಿಗೆ ಗೊತ್ತಿದೆಯೆಂದು ಈರಮ್ಮನಿಗೂ ಗೊತ್ತಿತ್ತು. ಮೈಕಿನ ಕೂಗಿಗೂ ಈ ಮಾತಿಗೂ ನಡುವೆ ನಾಲ್ಕಾರು ನಿಮಿಷ ಹೋಗುತ್ತಿತ್ತು. ದಾದಿಮಾ ಅಷ್ಟೂ ಹೊತ್ತು ಖರ್ಜೂರ ಹಿಡಿದು ಕಾಯುತ್ತಿದ್ದಳು.

ಒಂದು ಚಳಿಗಾಲದಲ್ಲಿ ದಾದಿಮಾ ತೀರಿಕೊಂಡಳು. ಮುಂದಿನ ರಮ್ಜಾನಿಗೆ ನಾನು ತವರಿಗೆ ಹೋಗಿದ್ದೆ. ಮೊದಲ ದಿನದ ಸಂಜೆ ಮೈಕು ಕೂಗಿತು. ಅಬ್ಬಾ, ಅಮ್ಮಾ, ನಾನು ಖರ್ಜೂರ ಕೈಗೆತ್ತಿಕೊಂಡೆವು. ಎತ್ತಿಕೊಂಡವರು ಯಾಕೋ ಹಾಗೇ ಕೂತೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಗ ಮಾಳಿಗೆಯ ಮೇಲಿನಿಂದ ದನಿ ಬಂತು. "ಮುಣುಗ್ತು ಹುಸೇನವ್ವಾ, ಉಣ್ಣು."

ಅಬ್ಬಾ ತಲೆ ತಗ್ಗಿಸಿದರು. ಅಮ್ಮಾ ಎದ್ದು ಅಂಗಳಕ್ಕೆ ಹೋಗಿ ಮೇಲಕ್ಕೆ ಮುಖ ಮಾಡಿದಳು.

"ಹ್ಞೂಂ, ಉಣ್ಣಾಕತ್ತೀವಿ" ಎಂದಳು. "ನೀ ಜ್ವಾಕಿಲೆ ಇಳಿ."

ಈರಮ್ಮ ಒಂದೊಂದೇ ಮೆಟ್ಟಿಲು ಇಳಿದು ಕೆಳಗೆ ಮುಟ್ಟಿದ್ದು ಕೇಳಿದ ಮೇಲೆ ನಾವು ಖರ್ಜೂರ ಬಾಯಿಗಿಟ್ಟುಕೊಂಡೆವು.